ಮೂತ್ರಕೋಶದ ಕ್ಯಾನ್ಸರ್‌ಗೆ ಬಿಸಿಜಿ: ಟಿಬಿ ಬರುವುದಿಲ್ಲವೇ?

ಪ್ರಶ್ನೆ: ಅಪ್ಪನಿಗೆ ಮೂತ್ರಕೋಶದ ಗಡ್ಡೆ ತೆಗೆದಿದ್ದಾರೆ. ಇನ್ನು ಆರು ವಾರ ಬಿಸಿಜಿ ಹಾಕಬೇಕಂತೆ. ಟಿಬಿ ತಡೆಯಲು ಮಕ್ಕಳಿಗೆ ಹಾಕುವ ಲಸಿಕೆ ಕ್ಯಾನ್ಸರ್‌ಗೆ ಏನು ಮಾಡೀತು? ಅದರಿಂದಲೇ ಟಿಬಿ ಹತ್ತಿಕೊಂಡರೆ?

ಉತ್ತರ: ಮಕ್ಕಳ ಲಸಿಕೆಯಲ್ಲಿರುವ ಬ್ಯಾಕ್ಟೀರಿಯಾವೇ ಇದು, ಪ್ರಮಾಣ ಮಾತ್ರ ಎಷ್ಟೋ ಪಟ್ಟು ಹೆಚ್ಚು. ಚುಚ್ಚುವುದಿಲ್ಲ, ಪುಡಿಯನ್ನು ಸುಮಾರು 50 ಮಿ.ಲೀ. ಸಲೈನ್‌ನಲ್ಲಿ ಕಲಸಿ ಕ್ಯಾಥೆಟರ್ (ತೆಳು ನಳಿಕೆ) ಮೂಲಕ ಮೂತ್ರಕೋಶಕ್ಕೆ ಬಿಡುತ್ತಾರೆ. ಜೀವಂತ ಬ್ಯಾಕ್ಟೀರಿಯಾ ಒಳಗೋಡೆಗೆ ಅಂಟಿದೊಡನೆ ಬಿಳಿ ರಕ್ತಕಣಗಳು ಅಲ್ಲಿ ಜಮಾಯಿಸುತ್ತವೆ, ಅಳಿದುಳಿದ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತವೆ. ಗಡ್ಡೆ ಸ್ನಾಯುವಿನವರೆಗೆ ಇಳಿದಿದ್ದರೆ ಇದಷ್ಟೇ ಸಾಲದು.

ಕೆನಡಾದ ಡಾ. ಅಲ್ವಾರೊ ಮೊರಾಲೆಸ್ 1976ರಲ್ಲಿ ಪ್ರಕಟಿಸಿದ ಕ್ರಮವೇ ಇಂದಿಗೂ ನಡೆಯುತ್ತಿದೆ: ವಾರಕ್ಕೊಂದರಂತೆ ಆರು ಡೋಸ್. ಆರೇ ಏಕೆಂದರೆ, ಆಗ ಲಸಿಕೆ ಆರು ಬಾಟಲಿಗಳ ಪೆಟ್ಟಿಗೆಯಲ್ಲಿ ಬರುತ್ತಿತ್ತು!

ಶಸ್ತ್ರಚಿಕಿತ್ಸೆಯಾಗಿ ಕನಿಷ್ಠ ಎರಡು ವಾರವಾದರೂ ಕಳೆದಿರಬೇಕು. ಟಿಬಿಯ ಭಯಕ್ಕೆ ಉತ್ತರ ಇರುವುದೂ ಇಲ್ಲೇ. ಒಳಗೋಡೆಯ ಗಾಯ ಮಾಯದಿದ್ದರೆ ಬ್ಯಾಕ್ಟೀರಿಯಾ ನೇರ ರಕ್ತಕ್ಕೆ ನುಗ್ಗುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ, ಕ್ಯಾಥೆಟರ್ ಹಾಕುವಾಗ ಗಾಯವಾದರೆ, ಸೋಂಕಿನಿಂದ ಉರಿ-ಜ್ವರ ಇದ್ದರೆ ಆ ದಿನದ ಡೋಸ್ ಮುಂದೂಡಲೇಬೇಕು. ‘ಇಷ್ಟು ದೂರ ಬಂದಿದ್ದೇವೆ, ಹಾಕಿಬಿಡಿ’ ಎಂದು ದಯವಿಟ್ಟು ಒತ್ತಾಯಿಸಬೇಡಿ.

ಡೋಸ್‌ಗೆ ನಾಲ್ಕು ಗಂಟೆ ಮೊದಲಿನಿಂದ ನೀರು, ಕಾಫಿ ಕುಡಿಯದಿದ್ದರೆ ಒಳ್ಳೆಯದು. ಮೂತ್ರ ತುಂಬಿದರೆ ಔಷಧಿ ತೆಳುವಾಗುತ್ತದೆ, ಔಷಧಿ ಒಳಗಿರಬೇಕಾದ ಎರಡು ಗಂಟೆ ತಡೆದುಕೊಳ್ಳುವುದೂ ಕಷ್ಟ. ಆಮೇಲೆ ಕೂತೇ ಮೂತ್ರ ಮಾಡಲಿ, ಸಿಡಿಯಬಾರದು. ಮುಂದಿನ ಆರು ಗಂಟೆ, ಪ್ರತಿ ಸಲವೂ ಮೂತ್ರದಷ್ಟೇ ಬ್ಲೀಚ್ ದ್ರಾವಣ ಸುರಿದು 15 ನಿಮಿಷ ಬಿಟ್ಟು ಫ್ಲಶ್ ಮಾಡಿ.

ಒಂದೆರಡು ದಿನ ಉರಿಮೂತ್ರ, ಮೈಕೈ ನೋವು, ಸಣ್ಣ ಜ್ವರ ಮಾಮೂಲು. 38.5 ಡಿಗ್ರಿ ಸೆಲ್ಸಿಯಸ್ (ಸುಮಾರು 101 ಫ್ಯಾರನ್‌ಹೀಟ್) ದಾಟಿದ ಜ್ವರ ಇಳಿಯದಿದ್ದರೆ, ಚಳಿ-ನಡುಕ ಬಂದರೆ, ಕೂಡಲೇ ಯೂರಾಲಜಿ ವೈದ್ಯರನ್ನು ಕಾಣಿ. ಬಿಸಿಜಿ ಸೋಂಕು ಮೈಗೆ ಹರಡುವುದು ಅಪರೂಪ. ಹರಡಿದರೆ ಐಸೋನಿಯಾಜಿಡ್, ರಿಫಾಂಪಿಸಿನ್, ಎಥಾಂಬುಟಾಲ್ ಎಂಬ ಟಿಬಿ ಔಷಧಿಗಳಿಗೆ ಬಗ್ಗುತ್ತದೆ. ಟಿಬಿಗೆ ಕೊಡುವ ಇನ್ನೊಂದು ಔಷಧಿ ಪೈರಾಜಿನಮೈಡ್ ಮಾತ್ರ ಬಿಸಿಜಿಗೆ ನಾಟುವುದೇ ಇಲ್ಲ. ಹೀಗಾಗಿ ಜ್ವರಕ್ಕೆ ಬೇರೆ ಯಾವ ವೈದ್ಯರ ಹತ್ತಿರ ಹೋದರೂ ಬಿಸಿಜಿ ಹಾಕಿಸಿದ್ದನ್ನು ಮೊದಲೇ ಹೇಳಿ.