ಬಿನ್‌ಹ್ಯಾಮ್ ಮಠದ ಸಿಪ್ಪೆ ಸುಲಿದ ಗೋಡೆಗಳು

ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಬಿನ್‌ಹ್ಯಾಮ್ ಹಳ್ಳಿಯಲ್ಲಿ ಒಂದೇ ಕಟ್ಟಡದ ಒಂದು ಭಾಗ ಇಂದಿಗೂ ಊರವರ ಚರ್ಚು. ಮಿಕ್ಕದ್ದು ಹುಲ್ಲಿನ ನಡುವೆ ನಿಂತ ಮೋಟುಗೋಡೆ. 1091ರ ಸುಮಾರಿಗೆ ಪೀಟರ್ ಡಿ ವಾಲೋನ್ ಎಂಬ ನಾರ್ಮನ್ ಸರದಾರ ಸ್ಥಾಪಿಸಿದ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಮಠ ಇದು, ಸೇಂಟ್ ಆಲ್ಬನ್ಸ್‌ನ ದೊಡ್ಡ ಮಠದ ಶಾಖೆ. 1539ರಲ್ಲಿ, ಎಂಟನೇ ಹೆನ್ರಿಯ ಕಾಲದಲ್ಲಿ ಮುಚ್ಚಿದಾಗ ಒಳಗಿದ್ದವರು ಆರೇ ಸನ್ಯಾಸಿಗಳು.

ಮೋಟುಗೋಡೆಗಳನ್ನು ಹತ್ತಿರದಿಂದ ನೋಡಬೇಕು. ಈ ನೆಲದಲ್ಲಿ ಹೇರಳವಾಗಿ ಸಿಗುವುದು ಚಕಮಕಿ ಕಲ್ಲು. ಬಲು ಗಡುಸು, ಆದರೆ ಚೌಕಕ್ಕೆ ಬಗ್ಗದು, ನೀರನ್ನೂ ಹೀರದು. ಹಾಗಾಗಿ ಗಾರೆ ಬೇಗ ಒಣಗುವುದಿಲ್ಲ. ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು. ದಪ್ಪ ಗೋಡೆಯ ಒಡಲಿಗೆ ಅದು ತಲುಪಲು ವರ್ಷಗಳೇ ಬೇಕು. ಅವಸರದಲ್ಲಿ ಎತ್ತರಿಸಿದರೆ ಮೇಲಿನ ಭಾರಕ್ಕೆ ಕೆಳಗಿನ ಹಸಿ ಗಾರೆ ಹಿಸುಕಿಕೊಂಡು ಗೋಡೆ ಉಬ್ಬುತ್ತದೆ. ಅದಕ್ಕೇ ಸ್ವಲ್ಪ ಕಟ್ಟಿ, ಬಿಟ್ಟು, ಮತ್ತೆ ಕಟ್ಟುವುದು ಕ್ರಮ.

ಮೂಲೆ, ಬಾಗಿಲು, ಕಮಾನು, ಕಂಬದ ಹೊದಿಕೆಗಳಿಗೆ ಮಾತ್ರ ಕಡಿದ ಕಲ್ಲೇ ಆಗಬೇಕು. ಅದು ದೂರದ ಬಾರ್ನಾಕ್ ಗಣಿಗಳ ಸುಣ್ಣಕಲ್ಲು. ಮಠ ಮುಚ್ಚಿದ ಮೇಲೆ ಕಿತ್ತು ಮಾರಿದ್ದೂ ಅದನ್ನೇ; ಇನ್ನೊಂದು ಮನೆಗೆ ನೇರವಾಗಿ ಕೂರುವ ಕಲ್ಲಲ್ಲವೇ! ಚಕಮಕಿಯ ಒಡಲಷ್ಟೇ ಉಳಿಯಿತು. ಕಂಬವೊಂದರ ಮೈ ಗೆದ್ದಲು ತಿಂದಂತೆ ಕಂಡರೆ ಅಲ್ಲಿ ಹೊದಿಕೆಗಲ್ಲು ಇತ್ತೆಂದೇ ಲೆಕ್ಕ. ಹೊದಿಕೆ ಹೋದ ಒಡಲಿಗೆ ಮಳೆನೀರು ಇಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಗಾರೆಯನ್ನು ಪುಡಿ ಮಾಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಹಾನಿ ಇನ್ನೂ ಹೆಚ್ಚು: ಒಳಗಿನ ತೇವ ಹೊರಬರಲು ದಾರಿಯೇ ಇರುವುದಿಲ್ಲ.

ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಆಸ್ತಿ ಪಶ್ಚಿಮದ ದೊಡ್ಡ ಕಿಟಕಿ. ಅದಕ್ಕೂ ಹಿಂದಿನ ಜಾಲಂಧ್ರಗಳು ಚಪ್ಪಡಿಯಲ್ಲಿ ತೂತು ಕೊರೆದಂಥವು. ಇಲ್ಲಿ ತೆಳುವಾದ ಕಲ್ಲಿನ ಪಟ್ಟಿಗಳನ್ನು ಬಿಡಿಬಿಡಿಯಾಗಿ ಕಡಿದು ಜೋಡಿಸಿದ್ದಾರೆ. ಮ್ಯಾಥ್ಯೂ ಪ್ಯಾರಿಸ್ ಎಂಬ ಸೇಂಟ್ ಆಲ್ಬನ್ಸ್ ಸನ್ಯಾಸಿಯ ಬರಹದಂತೆ ಈ ಮುಂಭಾಗ 1244ರೊಳಗಿನದು. ಹಾಗಿದ್ದರೆ 1245ರಲ್ಲಿ ಮರುನಿರ್ಮಾಣ ಶುರುವಾದ ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಅಬೆ ಚರ್ಚಿನ ಇಂಥ ಕಿಟಕಿಗಳಿಗಿಂತ ಈ ಹಳ್ಳಿಯ ಕಿಟಕಿಯೇ ಹಳೆಯದು. ವಿದ್ವಾಂಸರೆಲ್ಲ ಇದನ್ನು ಒಪ್ಪುವುದಿಲ್ಲ. ಇಂಥ ಜಾಲಂಧ್ರದಲ್ಲಿ ಒಂದು ಪಟ್ಟಿಗೆ ಇನ್ನೊಂದು ಆಸರೆ. ಒಂದು ಸಡಿಲಿದರೆ ಪಕ್ಕದ್ದೂ ಜಾರುತ್ತದೆ. 1809ರಲ್ಲಿ ಈ ಕಿಟಕಿಗೆ ಇಟ್ಟಿಗೆ ತುಂಬಿದರು.

ಚರ್ಚಿನ ಒಳಗೆ, ಒಂದು ಕಾಲಕ್ಕೆ ಪೂಜೆಯ ಭಾಗವನ್ನು ಜನರ ಭಾಗದಿಂದ ಬೇರ್ಪಡಿಸುತ್ತಿದ್ದ ಮರದ ತಡಿಕೆಯ ತುಂಡುಗಳಿವೆ. ಪ್ರಾಟೆಸ್ಟೆಂಟ್ ಮತಸುಧಾರಣೆಯ ದಿನಗಳಲ್ಲಿ ಅದರ ಮೇಲಿನ ಸಂತರ ಚಿತ್ರಗಳಿಗೆ ಬಿಳಿ ಬಳಿದು, ಇಂಗ್ಲಿಷ್ ಬೈಬಲಿನ ಸಾಲುಗಳನ್ನು ಕಪ್ಪಕ್ಷರದಲ್ಲಿ ಬರೆದರು. ಬಿಳಿ ಬಣ್ಣ ಸವೆಯುತ್ತ ಬಂದಿದೆ. ಈಗ ಅಕ್ಷರಗಳ ಸಂದಿಯಿಂದ ಮುಖಗಳು ಹೊರಗೆ ನೋಡುತ್ತವೆ.