ಇಬಿ-1ಎ: ‘ಅಸಾಧಾರಣ ಸಾಮರ್ಥ್ಯ’ದ ಗ್ರೀನ್ ಕಾರ್ಡ್ ಅಂದರೆ ಏನು?

ಅಮೆರಿಕದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡುತ್ತಿರುವ ನಮ್ಮವರು ನಾಲ್ಕು ಜನ ಸೇರಿದರೆ ಸಾಕು, ಊಟ ಮುಗಿಯುವುದರೊಳಗೆ ಯಾರಾದರೂ ‘ಇಬಿ-1ಎ ಹಾಕಿದ್ರಾ?’ ಅಂತ ಕೇಳಿಯೇ ಕೇಳುತ್ತಾರೆ. ಅಲ್ಲಿ ಕಾಯಂ ಆಗಿ ನೆಲೆಸಲು, ಅಂದರೆ ಗ್ರೀನ್ ಕಾರ್ಡ್ ಪಡೆಯಲು, ಇರುವ ದಾರಿಗಳಲ್ಲಿ ಇದೂ ಒಂದು. 1990ರ ವಲಸೆ ಕಾಯ್ದೆಯಿಂದ ಬಂದದ್ದು. ವಿಜ್ಞಾನ, ಕಲೆ, ಶಿಕ್ಷಣ, ವ್ಯಾಪಾರ, ಕ್ರೀಡೆ ಈ ಐದು ಕ್ಷೇತ್ರಗಳಲ್ಲಿ ತುತ್ತತುದಿಗೆ ಏರಿದ ಕೆಲವೇ ಕೆಲವರಿಗೆ ಮೀಸಲು ಎನ್ನುತ್ತದೆ ನಿಯಮ.

ಇದನ್ನು ಓದಿದ ಕೂಡಲೇ ಅರ್ಧ ಜನ ‘ಇದು ನಮಗಲ್ಲಪ್ಪ’ ಅಂತ ಕೈಬಿಡುತ್ತಾರೆ. ಅಷ್ಟು ಹೆದರಬೇಕಿಲ್ಲ. ನೊಬೆಲ್‌ನಂಥ ದೊಡ್ಡ ಪ್ರಶಸ್ತಿ ಬಂದವರಿಗೆ ಅದೊಂದೇ ದಾಖಲೆ ಸಾಕು. ಉಳಿದವರಿಗೆ ಹತ್ತು ಮಾನದಂಡಗಳ ಪಟ್ಟಿ ಇದೆ, ಅದರಲ್ಲಿ ಕನಿಷ್ಠ ಮೂರು ಹೊಂದಬೇಕು.

ಸಂಶೋಧಕರು ಈ ದಾರಿಗೆ ಬೀಳಲು ಕಾರಣವೂ ಇದೆ. ಉದ್ಯೋಗದ ಮೇಲೆ ಸಿಗುವ ಬಹುತೇಕ ಗ್ರೀನ್ ಕಾರ್ಡ್‌ಗಳಿಗೆ ಕೆಲಸ ಕೊಟ್ಟವರೇ ಅರ್ಜಿ ಹಾಕಬೇಕು. ಪಕ್ಕದಲ್ಲೇ ಇರುವ ಇಬಿ-1ಬಿ ಹೆಸರಾಂತ ಪ್ರೊಫೆಸರ್ ಮತ್ತು ಸಂಶೋಧಕರಿಗೆಂದೇ ಇದೆ, ಆದರೆ ಅದಕ್ಕೂ ಕಾಯಂ ಸಂಶೋಧನಾ ಹುದ್ದೆ ಬೇಕು. ಪೋಸ್ಟ್‌ಡಾಕ್ ಅನ್ನೋದು ವರ್ಷ ವರ್ಷಕ್ಕೆ ನವೀಕರಿಸುವ ಕೆಲಸ, ಅಲ್ವಾ? ಆದರೆ ಇಬಿ-1ಎಯಲ್ಲಿ ನಿಮ್ಮ ಐ-140 ಅರ್ಜಿಯನ್ನು, ಅಂದರೆ ಗ್ರೀನ್ ಕಾರ್ಡ್‌ಗೆ ಮೊದಲ ಹೆಜ್ಜೆಯಾದ ವಲಸೆ ಅರ್ಜಿಯನ್ನು, ನೀವೇ ಹಾಕಿಕೊಳ್ಳಬಹುದು. ಯಾರ ಸ್ಪಾನ್ಸರ್‌ಶಿಪ್ಪೂ ಬೇಡ. ಅಮೆರಿಕಕ್ಕೆ ಹೋದ ಮೇಲೂ ಅದೇ ಕ್ಷೇತ್ರದಲ್ಲಿ ಮುಂದುವರಿಯುತ್ತೀರಿ ಎಂದು ತೋರಿಸಿದರೆ ಆಯಿತು.

ಹತ್ತರಲ್ಲಿ ವಿಜ್ಞಾನಿಗಳ ಕೈಗೆ ಸುಲಭವಾಗಿ ಸಿಗುವುದು ಎರಡು. ಒಂದು, ಪ್ರಕಟವಾದ ಪೇಪರ್‌ಗಳು. ಇನ್ನೊಂದು, ಬೇರೆಯವರ ಪೇಪರ್‌ಗಳ ಪೀರ್ ರಿವ್ಯೂ, ಅಂದರೆ ಪ್ರಕಟಣೆಗೆ ಮೊದಲು ಅವನ್ನು ಓದಿ ಪರಿಶೀಲಿಸುವ ಕೆಲಸ. ಜರ್ನಲ್‌ನವರು ಕಳಿಸಿದ ‘ರಿವ್ಯೂ ಮಾಡಿದ್ದಕ್ಕೆ ಧನ್ಯವಾದ’ ಎಂಬ ಇಮೇಲನ್ನು ಸುಮ್ನೆ ಅಳಿಸಬೇಡಿ, ಅದೇ ಸಾಕ್ಷಿ. ಚಂದಾ ಕಟ್ಟಿದವರಿಗೆಲ್ಲ ಸಿಗುವ ಸಂಘದ ಸದಸ್ಯತ್ವ ಲೆಕ್ಕಕ್ಕಿಲ್ಲ. ದುಡ್ಡು ಕೊಟ್ಟು ತಂದ ಪ್ರಶಸ್ತಿಯಂತೂ ಉಪಕಾರಕ್ಕಿಂತ ಜಾಸ್ತಿ ಅಪಾಯ. ಅದೊಂದು ಸಿಕ್ಕಿಬಿದ್ದರೆ ಒಳ್ಳೆಯ ಪೇಪರ್‌ಗಳ ಮೇಲೂ ಅನುಮಾನ ಬರುತ್ತದೆ.

ಕಷ್ಟವೆಲ್ಲ ಇರುವುದು ಮೂರನೆಯದರಲ್ಲಿ: ಕ್ಷೇತ್ರಕ್ಕೇ ಮಹತ್ವ ತಂದ ಸ್ವಂತ ಕೊಡುಗೆ. ಅರ್ಜಿ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಇಲ್ಲೇ. ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ, ಅಮೆರಿಕದಲ್ಲಿ ಗೋಧಿಯ ತುಕ್ಕು ರೋಗದ ಮೇಲೆ ಕೆಲಸ ಮಾಡುತ್ತಿರುವ ಒಬ್ಬರು ಇದ್ದಾರೆ ಅಂದುಕೊಳ್ಳಿ. ಅವರ ಗೈಡ್ ಹೀಗೆ ಪತ್ರ ಬರೆಯುತ್ತಾರೆ: ‘ಇವರು ಬಹಳ ಪ್ರತಿಭಾವಂತರು, ಶ್ರಮಜೀವಿ, ನಾನು ಕಂಡ ಅತ್ಯುತ್ತಮ ವಿದ್ಯಾರ್ಥಿ.’ ಓದಲು ಚೆಂದ, ಆದರೆ ಅಧಿಕಾರಿಗೆ ಇದರಿಂದ ಏನೂ ಸಿಗುವುದಿಲ್ಲ. ಈಗ ಬೇರೆ ದೇಶದ, ಇವರ ಮುಖವನ್ನೇ ನೋಡದ ಒಬ್ಬ ವಿಜ್ಞಾನಿಯ ಪತ್ರ ನೋಡಿ: ‘ರೋಗ ನಿರೋಧಕ ಸಸಿಗಳನ್ನು ಬೇಗ ಗುರುತಿಸಲು ಇವರು ರೂಪಿಸಿದ ಪರೀಕ್ಷೆಯನ್ನು ನಮ್ಮ ಲ್ಯಾಬ್‌ನಲ್ಲಿ ಬಳಸುತ್ತಿದ್ದೇವೆ. ಮೊದಲು ಬೆಳೆ ಬಲಿಯುವ ತನಕ ಕಾಯಬೇಕಿತ್ತು, ಈಗ ಎಳೆಯ ಸಸಿಯಲ್ಲೇ ತಿಳಿಯುತ್ತದೆ.’ ಇಲ್ಲಿ ಹೊಗಳಿಕೆಯ ಒಂದು ಮಾತೂ ಇಲ್ಲ. ಆದರೂ ಹತ್ತು ಹೊಗಳಿಕೆಯ ಪತ್ರಕ್ಕಿಂತ ಇದರ ತೂಕ ದೊಡ್ಡದು, ಯಾಕೆಂದರೆ ಯಾರು ಬಳಸಿದರು, ಏನು ಬದಲಾಯಿತು ಎರಡೂ ಇದೆ. ಇದರ ಜೊತೆಗೆ ಆ ಲ್ಯಾಬ್‌ನವರ ಪೇಪರ್‌ನಲ್ಲಿ ಇವರ ವಿಧಾನ ಬಳಸಿದ ಪುಟವನ್ನೂ ಗುರುತು ಹಾಕಿ ಲಗತ್ತಿಸಬೇಕು. ಇಂಥ ಅರ್ಜಿದಾರರಿಗೆ ನೆರವಾಗುವ ಲಾಯರ್ ಆಗಲಿ, ಗೆಳೆಯರಾಗಲಿ, ವಿಶೇಷಣಗಳನ್ನು ತಿದ್ದುವುದಕ್ಕಿಂತ ಇಂಥ ಪುಟ ಹುಡುಕಿಕೊಟ್ಟರೆ ಹೆಚ್ಚು ಪ್ರಯೋಜನ.

ಮೂರು ಹೊಂದಿದರೂ ಮುಗಿಯಲಿಲ್ಲ. ಭೌತವಿಜ್ಞಾನಿಯೊಬ್ಬರ ಅರ್ಜಿಯ ಮೇಲೆ 2010ರಲ್ಲಿ ಬಂದ ಕಜಾರಿಯನ್ ತೀರ್ಪಿನ ನಂತರ ವಲಸೆ ಇಲಾಖೆ ಎರಡು ಹಂತದಲ್ಲಿ ನೋಡುತ್ತದೆ. ಮೊದಲು ಮಾನದಂಡಗಳ ಲೆಕ್ಕ, ಆಮೇಲೆ ಎಲ್ಲ ಸಾಕ್ಷಿಯನ್ನೂ ಒಟ್ಟಿಗೆ ಇಟ್ಟು ‘ಇವರು ನಿಜಕ್ಕೂ ಮೇಲಿನ ಸಾಲಿನವರೇ?’ ಎಂಬ ತೀರ್ಮಾನ. ನಿಯಮದಲ್ಲಿ ಇಲ್ಲದ ಷರತ್ತನ್ನು ಅಧಿಕಾರಿಗಳು ತಾವೇ ಸೇರಿಸಬಾರದು ಎಂದು ಕೋರ್ಟು ಆಗ ಹೇಳಿತು. ಆದರೂ ಆ ವಿಜ್ಞಾನಿ ಗೆಲ್ಲಲಿಲ್ಲ, ಮೂರರ ಬದಲು ಎರಡೇ ಮಾನದಂಡ ಹೊಂದಿದ್ದರು. ಈ ಎರಡನೇ ಹಂತದಲ್ಲಿ ಅಧಿಕಾರಿಯ ಅಭಿಪ್ರಾಯಕ್ಕೆ ಜಾಗ ಜಾಸ್ತಿ ಎಂಬುದು ನನ್ನ ತಕರಾರು.

ಸಾಕ್ಷಿ ಸಾಲದಿದ್ದರೆ ಆರ್‌ಎಫ್‌ಇ ಬರಬಹುದು, ಅಂದರೆ ಹೆಚ್ಚಿನ ದಾಖಲೆ ಕೇಳುವ ನೋಟಿಸು. ಅದು ಬಂತೆಂದರೆ ಕೇಸು ಬಿತ್ತು ಅಂತಲ್ಲ.

ಇನ್ನು ಭಾರತದಲ್ಲಿ ಹುಟ್ಟಿದವರನ್ನು ಹೆಚ್ಚಾಗಿ ಕಾಡುವ ವಿಷಯ. ಐ-140 ಮಂಜೂರಾದರೂ ಗ್ರೀನ್ ಕಾರ್ಡ್ ಕೂಡಲೇ ಕೈಗೆ ಬರುವುದಿಲ್ಲ. ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ದೇಶಕ್ಕಿಷ್ಟು ಎಂಬ ಶೇ. 7ರ ಮಿತಿ ಇದೆ, ಲೆಕ್ಕ ಹುಟ್ಟಿದ ದೇಶದ್ದು, ಪಾಸ್‌ಪೋರ್ಟಿನದ್ದಲ್ಲ. ಯಾರ ಸರದಿ ಬಂತೆಂದು ಅಮೆರಿಕ ಸರ್ಕಾರ ತಿಂಗಳು ತಿಂಗಳೂ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಭಾರತದ ಇಬಿ-1 ಸರದಿ 2022ರ ಫೆಬ್ರವರಿಯಲ್ಲಿ ನಿಂತಿತ್ತು, ಅಂದರೆ ಅದಕ್ಕೂ ಮೊದಲು ಅರ್ಜಿ ಹಾಕಿದವರಿಗಷ್ಟೇ ಅವಕಾಶ. ಉನ್ನತ ಪದವಿ ಇರುವವರು ಹೆಚ್ಚಾಗಿ ಹಾಕುವ ಇಬಿ-2 ವರ್ಗದ ಸರದಿ 2013ರ ಜನವರಿಯಲ್ಲಿ. ಇಷ್ಟೆಲ್ಲ ತಾಪತ್ರಯದ ನಡುವೆಯೂ ಜನ ಇಬಿ-1ಎ ಹಿಂದೆ ಬೀಳುವುದು ಈ ಅಂತರಕ್ಕೇ. ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಸಾಲಿನಲ್ಲಿ ನಿಲ್ಲಲು ಅವಕಾಶವಿದೆ. ಮೊದಲೇ ಇಬಿ-2ರಲ್ಲಿ ಐ-140 ಮಂಜೂರಾಗಿದ್ದರೆ ಸಾಮಾನ್ಯವಾಗಿ ಅದರ ಹಳೆಯ ಪ್ರಯಾರಿಟಿ ಡೇಟನ್ನೇ (ಸಾಲಿನಲ್ಲಿ ನಿಮ್ಮ ಜಾಗ ನಿರ್ಧರಿಸುವ ದಿನಾಂಕ) ಇಬಿ-1ಎಗೂ ತರಬಹುದು. ಹಾಗಾಗಿ ಹಳೆಯ ಮಂಜೂರಾತಿ ನೋಟಿಸನ್ನು ಕಳೆಯದೆ ಇಟ್ಟುಕೊಂಡಿರಿ.