ಕಾರ್ಥೇಜಿನ ಸಿಪ್ರಿಯನ್: ಎರಡು ಬಣಗಳ ಒಬ್ಬನೇ ರಕ್ತಸಾಕ್ಷಿ

ಕ್ಯಾಥೊಲಿಕ್ ಧರ್ಮಸಭೆ ಸೆಪ್ಟೆಂಬರ್ 16ರಂದು ಸ್ಮರಿಸುವ ಸಂತ ಸಿಪ್ರಿಯನ್‌ನ ಬರಹಗಳನ್ನೇ ಆಧಾರವಾಗಿಟ್ಟುಕೊಂಡು, 4ನೇ ಶತಮಾನದಲ್ಲಿ ಉತ್ತರ ಆಫ್ರಿಕದ ಡೊನಾಟಿಸ್ಟರು (ಧರ್ಮಸಭೆಯಿಂದ ಸಿಡಿದು, ತಮ್ಮ ಕಡೆ ಬಂದವರಿಗೆ ಮತ್ತೆ ದೀಕ್ಷಾಸ್ನಾನ ಕೊಡುತ್ತಿದ್ದ ಕ್ರೈಸ್ತ ಬಣ) ಅದೇ ಧರ್ಮಸಭೆಯನ್ನು ಎದುರಿಸಿ ನಿಂತರು. ಈ ವೈಚಿತ್ರ್ಯದ ಬೇರು ಕ್ರಿ.ಶ. 250ರ ಆಸುಪಾಸಿನಲ್ಲಿದೆ.

ವಾಕ್ಪಟುತ್ವಕ್ಕೆ ಹೆಸರಾಗಿದ್ದ ಸಿಪ್ರಿಯನ್ ದೀಕ್ಷಾಸ್ನಾನ ಪಡೆದ ಕೆಲವೇ ವರ್ಷಗಳಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಬಿಷಪ್ ಆದದ್ದು ಕೆಲವು ಪಾದ್ರಿಗಳಿಗೆ ಹಿಡಿಸಿರಲಿಲ್ಲ. ಅಷ್ಟರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್, ಪ್ರಜೆಗಳು ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞಾಪಿಸಿದ. ಈಜಿಪ್ಟಿನಲ್ಲಿ ದೊರೆತಿರುವ ಆ ಕಾಲದ ಪಪೈರಸ್ ಪ್ರಮಾಣಪತ್ರಗಳಲ್ಲಿ, ತಾವು ಅಧಿಕಾರಿಗಳ ಎದುರಿಗೇ ನೈವೇದ್ಯ ಸುರಿದು ಬಲಿಮಾಂಸ ತಿಂದುದಾಗಿ ಅರ್ಜಿದಾರರು ಹೇಳಿಕೊಂಡಿದ್ದಾರೆ. ಕಾರ್ಥೇಜಿನ ಕ್ರೈಸ್ತರಲ್ಲಿ ಬಹಳಷ್ಟು ಮಂದಿ ಬಲಿಯರ್ಪಿಸಿದರು. ಕೆಲವರು ಬಲಿ ಕೊಡದೆ ಹಣ ತೆತ್ತು ಪತ್ರವನ್ನಷ್ಟೇ ಪಡೆದರು. ಬಿಷಪ್ ಅಡಗಿಕೊಂಡು ಓಲೆಗಳ ಮೂಲಕ ಸಭೆಯನ್ನು ನಡೆಸಿದ. ಅವನು ಕೊಟ್ಟ ಕಾರಣಗಳನ್ನು ಒಪ್ಪಬಹುದಾದರೂ, ಸೆರೆಮನೆಯಲ್ಲಿ ಹಿಂಸೆ ಸಹಿಸಿದವರ ಮುಂದೆ ಅವನ ಮಾತಿನ ತೂಕ ಕುಗ್ಗಿದ್ದರೆ ಆಶ್ಚರ್ಯವಿಲ್ಲ.

ತಪ್ಪಿದವರು ಆ ಸೆರೆಯಾಳುಗಳ ಬಳಿಗೇ ಹೋಗಿ ಕ್ಷಮೆಯ ಓಲೆಗಳನ್ನು ತರತೊಡಗಿದರು. ‘ಇಂಥವನನ್ನು ಅವನ ಕಡೆಯವರ ಸಮೇತ ಸೇರಿಸಿಕೊಳ್ಳಿ’ ಎಂಬ ಒಕ್ಕಣೆಯ ಮರೆಯಲ್ಲಿ ಇಪ್ಪತ್ತು ಮೂವತ್ತು ಮಂದಿ ನುಸುಳಬಹುದೆಂದು ಸಿಪ್ರಿಯನ್ ಆಕ್ಷೇಪಿಸಿದ. ಹೆಸರಿಲ್ಲದ ಕ್ಷಮೆಗೆ ಪಶ್ಚಾತ್ತಾಪದ ಹಂಗಿರುವುದಿಲ್ಲ ಎಂಬ ಅವನ ಆತಂಕವನ್ನು ಬರೀ ಅಧಿಕಾರದ ಹಟವೆಂದು ತಳ್ಳಿಹಾಕುವುದು ಕಷ್ಟ. 251ರ ಸಮಾಲೋಚನಾ ಸಭೆ ನಡುದಾರಿ ಹಿಡಿಯಿತು: ಪತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು, ಬಲಿಯರ್ಪಿಸಿದವರಿಗೆ ದೀರ್ಘ ಪ್ರಾಯಶ್ಚಿತ್ತ. ಹೊಸ ಹಿಂಸಾಚಾರದ ಭೀತಿ ಎದುರಾದಾಗ ಅದನ್ನೂ ಸಡಿಲಿಸಲಾಯಿತು.

ತಪ್ಪಿದವರಲ್ಲಿ ಯಾರಿಗೂ ಕ್ಷಮೆಯಿಲ್ಲವೆಂದ ಪಾದ್ರಿ ನೊವೇಷಿಯನ್ ರೋಮಿನಲ್ಲಿ ಪ್ರತ್ಯೇಕ ಸಭೆ ಕಟ್ಟಿದ. ಅಲ್ಲಿ ದೀಕ್ಷಾಸ್ನಾನ ಪಡೆದು ಮರಳಿದವರಿಗೆ ಮತ್ತೆ ದೀಕ್ಷಾಸ್ನಾನ ಬೇಕೇ? ಬೇಡ, ತಲೆಯ ಮೇಲೆ ಕೈಯಿರಿಸಿ ಸೇರಿಸಿಕೊಂಡರೆ ಸಾಕು ಎಂದ ರೋಮಿನ ಬಿಷಪ್ ಸ್ಟೀಫನ್. ಧರ್ಮಸಭೆಯ ಹೊರಗೆ ದೀಕ್ಷಾಸ್ನಾನವೇ ಇಲ್ಲವೆಂದ ಸಿಪ್ರಿಯನ್‌ಗೆ 256ರ ಸೆಪ್ಟೆಂಬರ್‌ನಲ್ಲಿ 87 ಬಿಷಪ್‌ಗಳು ಬೆಂಬಲ ಸೂಚಿಸಿದರು. ತಪ್ಪಿದವರ ವಿಷಯದಲ್ಲಿ ತೋರಿದ್ದ ಹದ ಇಲ್ಲಿ ಕಾಣುವುದಿಲ್ಲ.

ಆ ಜಗಳ ತೀರುವ ಮೊದಲೇ ಕ್ರೈಸ್ತರ ವಿರುದ್ಧ ಚಕ್ರವರ್ತಿ ವ್ಯಾಲೇರಿಯನ್‌ನ ಆಜ್ಞೆ ಬಂತು. 257ರಲ್ಲಿ ಕುರುಬಿಸ್ ಎಂಬ ಕರಾವಳಿ ಊರಿಗೆ ಗಡಿಪಾರಾದ ಸಿಪ್ರಿಯನ್, ಈ ಬಾರಿ ತಲೆಮರೆಸಿಕೊಂಡು ಪಾರಾಗದೆ, 258ರ ಸೆಪ್ಟೆಂಬರ್ 14ರಂದು ಶಿರಚ್ಛೇದಕ್ಕೆ ಕೊರಳೊಡ್ಡಿದ; ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡುವಂತೆ ತನ್ನವರಿಗೆ ಹೇಳಿದ.

314ರಲ್ಲಿ ಆರ್ಲ್‌ನಲ್ಲಿ (ಇಂದಿನ ಫ್ರಾನ್ಸ್) ಸೇರಿದ ಬಿಷಪ್‌ಗಳ ಸಭೆ ದೀಕ್ಷಾಸ್ನಾನದ ವಿಷಯದಲ್ಲಿ ರೋಮಿನ ಪದ್ಧತಿಯನ್ನು ಎತ್ತಿಹಿಡಿದರೂ ಡೊನಾಟಿಸ್ಟರು ಸಿಪ್ರಿಯನ್‌ನ ಮಾತನ್ನು ಬಿಡಲಿಲ್ಲ. ಅವರಿಗೆ ಉತ್ತರಿಸಿದ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್, ದೀಕ್ಷಾಸ್ನಾನದ ವಿಷಯದಲ್ಲಿ ಸಿಪ್ರಿಯನ್ ತಪ್ಪಿದ್ದನೆಂದು ಒಪ್ಪಿದ; ಆದರೆ ಭಿನ್ನಮತವಿದ್ದೂ ಅವನು ಸಭೆಯನ್ನು ಒಡೆಯಲಿಲ್ಲ, ಆ ತಪ್ಪನ್ನು ಅವನ ರಕ್ತಸಾಕ್ಷಿತ್ವವೇ ಸವರಿಹಾಕಿತು ಎಂದು ವಾದಿಸಿದ.